ಯಾರ್ದಪ್ಪಾ ಈ ಕಾರು?

ಅಪ್ಪನಿಗೆ ಲಕ್ವ ಹೊಡೆದ ವರ್ಷ ನಾವೊಂದು ಕಾರನ್ನು ತಿಂಗಳ ಬಾಡಿಗೆಗೆ ತಂದೆವು. ನಮ್ಮ ಹಳ್ಳಿ ಮಧುರೆಯಿಂದ ಹತ್ತಿರದ ದೊಡ್ಡಬಳ್ಳಾಪುರಕ್ಕೆ ದಿನ ಬಿಟ್ಟು ದಿನ ಫಿಸಿಯೋಥೆರಪಿಗೆ ಹೋಗಬೇಕಿತ್ತು. ಬಲಗಾಲು ಎತ್ತಲಾಗದವನನ್ನು ಬಸ್ಸಿನ ಮೆಟ್ಟಿಲು ಹತ್ತಿಸುವುದು ಹೇಗೆ? ಅಪ್ಪ ನಡೆದಾಡುವವರೆಗೆ ಇರಲಿ ಎಂದುಕೊಂಡು ನಾನೇ ಓಡಿಸತೊಡಗಿದೆ. ಹೀಗೆ ನಾವೇ ಓಡಿಸುವ ಬಾಡಿಗೆ ಕಾರಿನ ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಗೊತ್ತಿದ್ದವರಿಗೆ ಅದನ್ನು ನೋಡಿದರೆ ಸಾಕು, ಬಾಡಿಗೆಯದೆಂದು ತಿಳಿಯುತ್ತದೆ.

ಅಪ್ಪನ ಮಾತೂ ಹೋಗಿತ್ತು. "ದಾರೀಲಿ ಮಾತಾಡಿಸ್ತಾ ಇರಿ" ಎಂದಿದ್ದರು ಡಾಕ್ಟರಮ್ಮ. ಹಾಗಾಗಿ ಸ್ಟೇರಿಂಗ್ ಹಿಡಿದೇ ಪಾಠ. ಹಸು ಕಂಡರೆ ಹಸು, ಬಸ್ಸು ಕಂಡರೆ ಬಸ್ಸು. ಅಪ್ಪ ಬಾಯಿ ಸೊಟ್ಟ ಮಾಡಿ "ಹ... ಹ..." ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ. ಅವನಿಗೊಂದು ಭಯವಿತ್ತು, ಹೊಲ ಮಾರಿ ಕಾರು ತಗೊಂಡೆವೇನೋ ಅಂತ. ಹತ್ತುವ ಮುಂಚೆ ಪ್ರತಿಸಲ ಬಾಗಿಲು ಮುಟ್ಟಿ ನನ್ನ ಮುಖ ನೋಡುತ್ತಿದ್ದ. "ಬಾಡಿಗೇದು ಕಣಪ್ಪಾ, ಹೊಲ ಎಲ್ಲೂ ಹೋಗಿಲ್ಲ" ಎಂದು ಹೇಳಿ ಹೇಳಿ ಸಾಕಾಗಿ ಅದನ್ನೇ ಪಾಠ ಮಾಡಿಬಿಟ್ಟೆ.

"ಯಾರ್ದಪ್ಪಾ ಈ ಕಾರು?"

"ಬಾ..."

"ಪೂರ್ತಿ ಹೇಳು. ಬಾ-ಡಿ-ಗೆ."

"ಬಾ..."

ಆಯುಧಪೂಜೆ ಬಂತು. ಅಮ್ಮ ಕಾರಿಗೆ ಬಾಳೆಕಂದು ಕಟ್ಟಿದಳು, ಚಕ್ರದಡಿ ನಿಂಬೆಹಣ್ಣಿಟ್ಟಳು, ಬೂದುಗುಂಬಳಕಾಯಿ ಒಡೆಸಿದಳು. ಹಿಂದೆ ಮುಂದೆ ನಂಬರ್ ಪ್ಲೇಟು ಮುಚ್ಚಿಹೋಗುವಷ್ಟು ದಪ್ಪನೆಯ ಚೆಂಡುಹೂವಿನ ಹಾರ ಬೇರೆ!

"ಯಾರದ್ದೋ ಕಾರಿಗೆ ಇಷ್ಟೊಂದಾ?" ಎಂದು ರೇಗಿದೆ.

"ನಿಮ್ಮಪ್ಪನ್ನ ಹೊತ್ಕೊಂಡು ತಿರುಗ್ತಾ ಐತಲ್ಲೇ, ಅದಕ್ಕೊಂದು ಹಾರ ಹಾಕ್ಬಾರ್ದಾ?" ಎಂದಳು.

ಮಾರನೆಯ ದಿನ ಪಕ್ಕದ ತಾಲೂಕಿನ ವಿಜಯಪುರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು, ಹುಡುಗ ಮತ್ತು ಅವನ ದೊಡ್ಡಪ್ಪ. ಜಾತಕ ಆಗಲೇ ಕೂಡಿತ್ತು. ಮದುವೆಯಾದ ಮೇಲೂ ಅಪ್ಪನನ್ನು ನೋಡಿಕೊಳ್ಳಲು ಬರುತ್ತಿರಬೇಕು ಎಂದು ಫೋನಿನಲ್ಲಿ ಹೇಳಿದ್ದಾಗ ಹುಡುಗ "ಅದಕ್ಕೇನಂತೆ, ನಾನೂ ಬರ್ತೀನಿ" ಎಂದಿದ್ದ. ಹಾಗೆಂದವನು ಅವನೊಬ್ಬನೇ. ಈ ಸಂಬಂಧ ಕೂಡಿಬರಲಪ್ಪಾ ಎಂದು ನನಗೆ ಬಹಳ ಆಸೆಯಿತ್ತು.

ದೊಡ್ಡಪ್ಪ ಕೂತವರೇ ಅಂಗಳದತ್ತ ನೋಡಿ, "ಪರ್ವಾಗಿಲ್ವೇ! ಹುಡುಗಿ ಜತೆಗೆ ಕಾರೂ ಬತ್ತದೆ ಅನ್ನಿ" ಎಂದು ನಕ್ಕರು. ಅಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕಾಫಿ ತಗೊಳ್ಳಿ" ಎಂದಳು. ನಾನು ಕಾಫಿ ತಟ್ಟೆ ಹಿಡಿದು ಮುಂದೆ ಬಂದೆ. ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಅವರು ಅಪ್ಪನ ಕಡೆ ಬಗ್ಗಿ, ಕಿವುಡರಿಗೆ ಕೂಗುವಂತೆ ಕೂಗಿದರು: "ಯಾರ್ದು ಯಜಮಾನ್ರೇ ಈ ಕಾರು?"

ಅಪ್ಪ ಥಟ್ಟನೆ ನನ್ನ ಕಡೆ ತಿರುಗಿದ. ಬಾಯಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು.

"ಬಾ... ಡಿ... ಗೆ."

ಪೂರ್ತಿ ಮಾತು! ಅಷ್ಟು ತಿಂಗಳಲ್ಲಿ ಮೊದಲನೆಯದು. ನಾನು "ಅಪ್ಪಾ!" ಎಂದು ಕಿರುಚಿ ತಟ್ಟೆ ಕೆಳಗಿಟ್ಟು ಅವನ ಕೈ ಹಿಡಿದುಕೊಂಡೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ಅತ್ತಳು. ನಾವು ಸಿಕ್ಕಿಬಿದ್ದಿದ್ದಕ್ಕೆ ಅಳುತ್ತಿದ್ದೇವೆ ಎಂದುಕೊಂಡರೋ ಏನೋ, ದೊಡ್ಡಪ್ಪ "ಓಹೋ, ಬಾಡಿಗೇದಾ" ಎಂದು ಎದ್ದರು. ಅಂಗಳಕ್ಕಿಳಿದು, ಹಾರವನ್ನು ಒಂದು ಬೆರಳಿನಿಂದ ಎತ್ತಿ ಪ್ಲೇಟು ನೋಡಿದರು. ಹುಡುಗ ತಲೆ ಬಗ್ಗಿಸಿಕೊಂಡು ಅವರ ಹಿಂದೆ ಹೋದ.

ಸಂಜೆ ಫೋನು ಬಂತು, ಜಾತಕ ಕೂಡುವುದಿಲ್ಲವಂತೆ. ಕೂಡಿದ್ದ ಜಾತಕ! ಥೂ! ಹುಡುಗನಿಗೆ ನಾನೇ ಫೋನ್ ಮಾಡಿದೆ. ಅವನು ಎತ್ತಲಿಲ್ಲ.

ಮರುದಿನ ಎಂದಿನಂತೆ ದೊಡ್ಡಬಳ್ಳಾಪುರಕ್ಕೆ ಹೊರಟೆವು. ಬಾಡಿದ ಹಾರ ಕಿತ್ತು ಬಿಸಾಕಿ ಬಾಗಿಲು ತೆಗೆದೆ. ಅಪ್ಪ ಬಾಗಿಲು ಮುಟ್ಟಿದ. ನಾನು ಕೇಳದಿದ್ದರೂ "ಬಾ-ಡಿ-ಗೆ" ಎಂದು, ಶಭಾಷ್ ಎನ್ನಲಿ ಅಂತ ನನ್ನ ಮುಖವನ್ನೇ ನೋಡುತ್ತ ನಿಂತ.

"ಶಭಾಷ್ ಕಣಪ್ಪಾ" ಎಂದೆ. "ಇನ್ನೊಂದ್ಸಲ ಹೇಳು."

ಹೇಳಿದ.