ಬಿಳಿ ಕೋಟೆಗೆ ಒಬ್ಬಳೇ ಹೋದ ದಿನ

ದೆವ್ವ, ಶಕುನ, ಕನಸಿನ ಸೂಚನೆ ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ‘ಹೊಟ್ಟೆ ತುಂಬ ತಿಂದು ಮಲಗಿದ್ರೇನೋ’ ಎಂದು ತಮಾಷೆ ಮಾಡಿ ಎದ್ದುಬಿಡುತ್ತಿದ್ದೆ. ಬೆಕ್ಕು ಅಡ್ಡ ಬಂತೆಂದು ಮತ್ತೆ ಒಳಗೆ ಬಂದು ಎರಡು ನಿಮಿಷ ಕೂತು ಹೊರಡುವ ಗಂಡನನ್ನು ಮೂವತ್ತು ವರ್ಷದಿಂದ ರೇಗಿಸಿಕೊಂಡು ಬಂದವಳು ನಾನು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಇದರಲ್ಲಿ ಭಯಕ್ಕಿಂತ ನಾಚಿಕೆಯೇ ಹೆಚ್ಚು. ಇಷ್ಟು ದಿನ ಯಾರಿಗೂ ಹೇಳದೆ ಇದ್ದದ್ದೂ ಅದಕ್ಕೇ.

ಮೊದಲು ಅಕ್ಕನ ವಿಷಯ ಹೇಳಬೇಕು. ಅಕ್ಕ ಎಂದರೆ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಭಾವ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವರಿಗೆ ಮಕ್ಕಳಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ನಾವು ಮೊದಲಿನಿಂದಲೂ ಒಟ್ಟಿಗೇ ಇದ್ದೇವೆ. ನನ್ನ ಎರಡು ಬಾಣಂತನವನ್ನೂ ಮಾಡಿದವರು ಅವರೇ. ಅವರದೊಂದು ಅಭ್ಯಾಸವಿದೆ. ಮನೆಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತಾರೆ. ಗಂಡ ಸತ್ತವಳು ಎದುರಿಗೆ ಬರಬಾರದು ಎಂದು ನಮ್ಮ ಅತ್ತೆ ಒಮ್ಮೆ ಅಂದಿದ್ದರಂತೆ. ಅತ್ತೆಯೂ ಹೋಗಿ ಎಷ್ಟೋ ವರ್ಷವಾಯಿತು, ಅಕ್ಕ ಮಾತ್ರ ಬಿಡಲಿಲ್ಲ. ಮಗನ ಪರೀಕ್ಷೆ ಇರಲಿ, ಅವೆನ್ಯೂ ರಸ್ತೆಯ ನಮ್ಮ ಕಾಗದದ ಅಂಗಡಿಯ ಪೂಜೆ ಇರಲಿ, ಹೊರಡುವವರು ಬಾಗಿಲು ದಾಟುವವರೆಗೆ ಅವರು ಬಚ್ಚಲುಮನೆಯಲ್ಲೋ ಹಿತ್ತಲಲ್ಲೋ ಇರುತ್ತಿದ್ದರು.

“ಏನಕ್ಕ ನೀವು, ಯಾವ ಕಾಲದಲ್ಲಿದೀರ?” ಎಂದು ನಾನು ಜಗಳ ಆಡುತ್ತಿದ್ದೆ. ಅವರು ನಗುತ್ತಿದ್ದರು. “ನಿನಗೆ ನಂಬಿಕೆ ಇಲ್ದಿದ್ರೆ ಬೇಡ ಬಿಡು. ನನ್ನ ಸಮಾಧಾನಕ್ಕೆ.”

ಮೂರು ವರ್ಷದ ಹಿಂದೆ ನನಗೆ ಜಪಾನ್ ನೋಡುವ ಹುಚ್ಚು ಹತ್ತಿತು. ಬಸವನಗುಡಿ, ಮಲ್ಲೇಶ್ವರದ ಕಡೆಯ ಒಂದಷ್ಟು ಹೆಂಗಸರು ಸೇರಿ ಟೂರ್ ಹೊರಟಿದ್ದರು. ಯಜಮಾನರು ಅಂಗಡಿ ಬಿಟ್ಟು ಬರುವ ಪೈಕಿ ಅಲ್ಲ. “ಹೋಗು, ಆದ್ರೆ ಅತ್ತಿಗೆನ್ನೂ ಕರ್ಕೊಂಡು ಹೋಗು” ಎಂದರು. ಸರಿ ಎಂದೆ. ಒಳಗೊಳಗೆ ಮನಸ್ಸು ಸಪ್ಪಗಾಯಿತು. ಮದುವೆಯಾದಂದಿನಿಂದ ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಗವಿಪುರದ ದೇವಸ್ಥಾನಕ್ಕೆ ಹೋದರೂ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒಂದೇ ಒಂದು ದಿನ ಯಾರಿಗೂ ಕಾಯದೆ, ಯಾರಿಗೆ ಹಸಿವಾಯಿತೆಂದು ಕೇಳದೆ ತಿರುಗಬೇಕು ಅನ್ನಿಸುತ್ತಿತ್ತು. ಅದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅದಕ್ಕೆ ನಾನು ಹಿಡಿದ ದಾರಿ ತಪ್ಪು.

ಅಕ್ಕನಿಗೆ ಮಂಡಿನೋವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಗುಂಪು ಮುಂದೆ ಹೋದಾಗಲೆಲ್ಲ ನಾನು ಅವರ ಜೊತೆ ಹಿಂದೆ ಉಳಿಯುತ್ತಿದ್ದೆ. ನಾಲ್ಕು ದಿನ ಹೀಗೇ ಆಯಿತು, ನನ್ನ ತಾಳ್ಮೆ ಮುಗಿಯುತ್ತ ಬಂತು. ಐದನೆಯ ದಿನ ಒಸಾಕಾದಲ್ಲಿ ಗುಂಪಿಗೆ ಬಿಡುವು. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಹಳೆಯದೊಂದು ಬಿಳಿ ಕೋಟೆ ಸಿಗುತ್ತದೆ. ಅದರ ಚಿತ್ರ ಹೋಟೆಲಿನ ಗೋಡೆಯ ಮೇಲಿತ್ತು. ಅಕ್ಕ ಅದರ ಮುಂದೆ ನಿಂತು, “ಎಷ್ಟು ಚೆನ್ನಾಗಿದೆ ನೋಡೇ! ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತಾರಾ?” ಎಂದು ಕೇಳಿದ್ದರು. “ಇಲ್ಲ ಅಕ್ಕ, ಅದು ತುಂಬ ದೂರ” ಎಂದಿದ್ದೆ. ಅಷ್ಟು ಹೊತ್ತಿಗಾಗಲೇ ನಾನು ರೈಲಿನ ವೇಳೆ ವಿಚಾರಿಸಿಯಾಗಿತ್ತು.

ಬೆಳಿಗ್ಗೆ ಎದ್ದು ಸುಳ್ಳು ಹೇಳಿದೆ. ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಸೀಲು ಬಿಟ್ಟುಹೋಗಿದೆಯಂತೆ, ಆಫೀಸಿಗೆ ಹೋಗಿ ಕಾಯಬೇಕಂತೆ, ಸಂಜೆಯಾಗಬಹುದು ಎಂದೆ. ಅಕ್ಕ ಗಾಬರಿಯಾದರು. “ಅಯ್ಯೋ ಶಿವನೇ, ವಾಪಸ್ ಕಳಿಸ್ಬಿಟ್ರೆ?” ಎಂದವರೇ ಮನೆಯಿಂದ ತಂದಿದ್ದ ಕೋಡುಬಳೆಯನ್ನು ಕಾಗದದಲ್ಲಿ ಸುತ್ತಿ ನನ್ನ ಬ್ಯಾಗಿಗೆ ತುರುಕಿದರು. “ಸರ್ಕಾರಿ ಆಫೀಸು ಎಲ್ಲಾ ಕಡೆ ಒಂದೇ. ಉಪವಾಸ ಕೂರಿಸ್ತಾರೆ.” ಹಣೆಗೆ ವಿಭೂತಿ ಇಟ್ಟರು. ನಾನು ಚಪ್ಪಲಿ ಮೆಟ್ಟುತ್ತಿದ್ದಂತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನನ್ನ ಕೆಲಸ ಸುಸೂತ್ರವಾಗಲಿ ಎಂದು ಮಾಡಿದ್ದು ಅದು. ಬೇರೆ ದಿನವಾಗಿದ್ದರೆ ಬಾಗಿಲು ಬಡಿದು ಹೊರಗೆ ಕರೆಯುತ್ತಿದ್ದೆ, ಬೈಯುತ್ತಿದ್ದೆ. ಅಂದು ಕರೆಯಲಿಲ್ಲ. ಅವರ ಮುಖ ನೋಡಿಕೊಂಡು ಹೊರಡುವುದು ತಪ್ಪಿತಲ್ಲ, ಸದ್ಯ ಅನ್ನಿಸಿತು. ಹೀಗೆ ಅನ್ನಿಸಿತೆಂದು ಬರೆಯುವಾಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ರೈಲಿನಲ್ಲಿ ಕಿಟಕಿ ಪಕ್ಕ ಕೂತಾಗ ಮಾತ್ರ, ಸುಳ್ಳೇಕೆ ಹೇಳಲಿ, ಹದಿನಾರರ ಹುಡುಗಿಯ ಹಾಗೆ ಖುಷಿಯಾಯಿತು. ರೈಲಿಳಿದು ಕೋಟೆಯ ಮುಂದೆ ಬಂದಾಗ ಚೆನ್ನಾಗಿ ಬಿಸಿಲಿತ್ತು. ಮಾರ್ಕೆಟ್ ಹತ್ತಿರದ ನಮ್ಮ ಕೋಟೆಯನ್ನು ನೋಡುತ್ತ ಬೆಳೆದವಳಿಗೆ ಕೋಟೆ ಎಂದರೆ ಕಲ್ಲಿನ ಗೋಡೆ. ಇದು ಬೆಳ್ಳಗೆ ಸುಣ್ಣ ಬಳಿದ, ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಮರದ ಮನೆ. ಟಿಕೆಟ್ ಕೊಡುವ ಹೆಂಗಸು ನನ್ನನ್ನು ನೋಡಿ ಎರಡು ಬೆರಳು ತೋರಿಸಿದಳು. ನಾನು ಒಂದು ಬೆರಳು ತೋರಿಸಿದೆ. ಅವಳು ನನ್ನ ಹೆಗಲಾಚೆ ಒಮ್ಮೆ ನೋಡಿ ಒಂದು ಟಿಕೆಟ್ ಕೊಟ್ಟಳು. ಭಾಷೆ ಬಾರದ ಊರು, ಏನೋ ತಿಳಿದುಕೊಂಡಿರಬೇಕು ಎಂದು ಸುಮ್ಮನಾದೆ.

ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಅಲ್ಲಿದ್ದ ಮುದುಕಪ್ಪ ನನಗೊಂದು ಚೀಲ ಕೊಟ್ಟು, ಇನ್ನೊಂದನ್ನು ನನ್ನ ಪಕ್ಕಕ್ಕೆ ಚಾಚಿದ. ನಾನು ಬೇಡವೆಂದು ತಲೆಯಾಡಿಸಿದೆ. ಆತ ನನ್ನತ್ತ ನೋಡಲೇ ಇಲ್ಲ. ಚೀಲವನ್ನು ಹಾಗೇ ಚಾಚಿಕೊಂಡು, ನಿಧಾನವಾಗಿ ಚಪ್ಪಲಿ ಬಿಚ್ಚುವವರಿಗೆ ಕಾಯುವ ಹಾಗೆ ಬಗ್ಗಿ ನಿಂತಿದ್ದ. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿದೆ ನನ್ನ ಬುದ್ಧಿ ಎಂದು ನನ್ನನ್ನೇ ಬೈದುಕೊಂಡು ಮೇಲೆ ಹತ್ತಿದೆ. ಮೆಟ್ಟಿಲು ಬಲು ಕಡಿದು. ಕಂಬಿ ಹಿಡಿದುಕೊಂಡೇ ಹತ್ತಬೇಕು. ವಾರದ ನಡುವಿನ ದಿನವಾದ್ದರಿಂದ ಜನ ಅಲ್ಲೊಬ್ಬರು ಇಲ್ಲೊಬ್ಬರು. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಒಂದು ಪುಟ್ಟ ಗುಡಿ, ಪಕ್ಕದಲ್ಲಿ ಬೆಂಚು. ಬೆಂಚಿನ ಮೇಲಿದ್ದ ಅಜ್ಜಿ ನನ್ನನ್ನು ಕಂಡು ಸರಿದು ಜಾಗ ಮಾಡಿದಳು. ನಾನು ಕೂತೆ. ಅವಳು ಮತ್ತೂ ಸರಿದಳು, ಬೆಂಚಿನ ತುದಿಯವರೆಗೂ. ನಮ್ಮಿಬ್ಬರ ನಡುವಿನ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿ, ಆ ಖಾಲಿ ಜಾಗದ ಕಡೆ ನೋಡಿ ನಕ್ಕು, ತನ್ನ ಮಂಡಿಯನ್ನು ತಾನೇ ಒತ್ತಿ ತೋರಿಸಿದಳು. ನಿಮಗೂ ನೋವಾ ಎಂದು ಕೇಳುವ ಹಾಗಿತ್ತು.

ಎದ್ದುಬಿಟ್ಟೆ. ಕಿಟಕಿಯಿಂದ ಊರು ನೋಡಲಿಲ್ಲ, ಗುಡಿಗೆ ಕೈಮುಗಿಯಲಿಲ್ಲ. ಇಳಿಯುವ ಮೆಟ್ಟಿಲಿನ ಕೆಳಗೆ ಒಬ್ಬ ಕಾವಲಿನವನು ನಿಂತಿದ್ದ. ನಾನು ಇಳಿಯುತ್ತಿದ್ದೆ, ಅವನು ನೋಡುತ್ತಿದ್ದದ್ದು ನನ್ನ ತಲೆಯ ಮೇಲಕ್ಕೆ. ವಯಸ್ಸಾದವರು ಇಳಿಯುವಾಗ ನಾವು ಎರಡೂ ಕೈ ಚಾಚಿ ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದ. ನಾನು ಇಳಿದು ಪಕ್ಕಕ್ಕೆ ಬಂದಮೇಲೂ ಅವನ ಕೈ ಹಾಗೇ ಇತ್ತು. ಒಂದೊಂದು ಮೆಟ್ಟಿಲಿಗೂ ಅವನ ಕಣ್ಣು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು, ನಡುವೆ ಒಮ್ಮೆ ನಿಂತಿತು, ಮತ್ತೆ ಇಳಿಯಿತು. ಕೊನೆಗೆ ಅವನು ನಕ್ಕು, ತಲೆಬಾಗಿಸಿ, ಕೈ ಹಿಂದಕ್ಕೆ ತೆಗೆದುಕೊಂಡ.

ನಾನು ಮೆಟ್ಟಿಲಿನ ಕಡೆ ತಿರುಗಲಿಲ್ಲ. ಇದನ್ನು ಹೇಳಲೇಬೇಕು. ಅಲ್ಲಿ ಏನೋ ಕಂಡೀತೆಂಬ ಹೆದರಿಕೆ ಅಲ್ಲ ಅದು. ಅಕ್ಕನೇ ಕಂಡರೆ ಏನು ಹೇಳಲಿ ಎಂಬ ಹೆದರಿಕೆ. ಒಂದೇ ಉಸಿರಿಗೆ ಉಳಿದ ಮೆಟ್ಟಿಲನ್ನೆಲ್ಲ ಇಳಿದು, ಚಪ್ಪಲಿ ಮೆಟ್ಟಿ, ಸ್ಟೇಷನ್ನಿಗೆ ಹೆಚ್ಚುಕಡಿಮೆ ಓಡಿದೆ. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಟಿಕೆಟನ್ನು ಚೂರು ಚೂರು ಮಾಡಿ ಕಸದ ಡಬ್ಬಕ್ಕೆ ಹಾಕಿದೆ.

ಹೋಟೆಲಿಗೆ ಬಂದರೆ ಅಕ್ಕ ಪಕ್ಕದ ರೂಮಿನ ಮಲ್ಲೇಶ್ವರದ ಹೆಂಗಸಿನ ಜೊತೆ ಕೂತು ಹರಟುತ್ತಿದ್ದರು. ಆಕೆಯೇ ಹೇಳಿದರು: “ಬೆಳಗ್ಗೆಯಿಂದ ಇಲ್ಲೇ ಇದಾರೆ ಪಾಪ. ನಿಮ್ಮ ಪಾಸ್‌ಪೋರ್ಟಿಂದೇ ಚಿಂತೆ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದ್ರು, ಅಷ್ಟೇ.”

“ಕೆಲಸ ಆಯ್ತಾ?” ಎಂದು ಅಕ್ಕ ಕೇಳಿದರು. ಆಯಿತು ಎಂದೆ. “ಸದ್ಯ” ಎಂದು ಕೈಮುಗಿದು, ಏಳಲು ಹೋಗಿ ಅಯ್ಯಮ್ಮಾ ಎಂದು ಮಂಡಿ ಹಿಡಿದುಕೊಂಡರು. ಆ ರಾತ್ರಿ ಅವರ ಕಾಲಿಗೆ ಎಣ್ಣೆ ತಿಕ್ಕಿದೆ. ಯಾಕೆ ಇವತ್ತು ಇಷ್ಟು ನೋವು ಎಂದು ಕೇಳುವ ಧೈರ್ಯವಾಗಲಿಲ್ಲ.

ಇಷ್ಟೇ ಆಗಿದ್ದರೆ ಮನಸ್ಸಿನ ಭ್ರಮೆ ಎಂದು ಮರೆಯುತ್ತಿದ್ದೆನೇನೋ. ಊರಿಗೆ ಬಂದು ನಾಲ್ಕೈದು ತಿಂಗಳ ಮೇಲೆ ಎದುರುಮನೆಯಾಕೆ ನಮ್ಮ ಮನೆಗೆ ಬಂದಿದ್ದರು. ಅವರೂ ಜಪಾನಿಗೆ ಹೊರಟಿದ್ದರು. ಕಾಫಿ ಕುಡಿಯುತ್ತ, “ಅದ್ಯಾವುದೋ ಬಿಳಿ ಕೋಟೆ ಇದೆಯಂತಲ್ಲ, ನೀವು ನೋಡಿದ್ರಾ?” ಎಂದು ನನ್ನನ್ನು ಕೇಳಿದರು. ಇಲ್ಲ ಅನ್ನಲು ಬಾಯಿ ತೆರೆದಿದ್ದೆ.

“ನೋಡಿದ್ವಲ್ಲ!” ಎಂದರು ಅಕ್ಕ. “ನಾವಿಬ್ರೂ ಹೋಗಿದ್ವಿ. ಅದೇನು ಮೆಟ್ಟಿಲೇನ್ರೀ, ಏಣಿ! ಇವಳೋ, ಮುಂದೆ ಮುಂದೆ ಹೋಗಿಬಿಟ್ಲು. ಇಳಿಯುವಾಗ ನಾನು ಮಧ್ಯದಲ್ಲಿ ಸುಸ್ತಾಗಿ ನಿಂತೆ. ಒಂದ್ಸಲನಾದ್ರೂ ತಿರುಗಿ ನೋಡ್ಬೇಕಲ್ಲ? ಊಹೂಂ!”

ಎದುರುಮನೆಯಾಕೆ ನಕ್ಕರು. ಅಕ್ಕನೂ ನಕ್ಕರು. ನಾನು ಲೋಟ ಕೆಳಗಿಡಲು ಹೋಗಿ ಕಾಫಿ ಚೆಲ್ಲಿಬಿಟ್ಟೆ. “ಮೆಲ್ಲಗೆ ಕಣೇ” ಎಂದು ಅಕ್ಕನೇ ಒರೆಸಿದರು.

ನನ್ನ ಸುಳ್ಳು ಅವರಿಗೆ ಹೇಗೋ ಗೊತ್ತಾಗಿ, ನೆರೆಯವರ ಮುಂದೆ ನನ್ನ ಮಾನ ಉಳಿಸಲು ಹಾಗೆ ಹೇಳಿದರೇ? ಹಾಗಿದ್ದರೆ ಇಳಿಯುವ ಮೆಟ್ಟಿಲಿನ ನಡುವೆ ನಿಂತ ಮಾತು ಅವರಿಗೆ ಹೇಗೆ ಗೊತ್ತು? ಕನಸು ಕಂಡು ಅದನ್ನೇ ನಿಜವೆಂದುಕೊಂಡಿದ್ದಾರೆಯೇ? ಎಷ್ಟೋ ಸಲ ಕೇಳಬೇಕೆಂದು ಅವರ ಪಕ್ಕ ಹೋಗಿ ಕೂತಿದ್ದೇನೆ. ಬೆಳಗಿನ ಹೊತ್ತು ಇಬ್ಬರೂ ಹುರುಳಿಕಾಯಿ ನಾರು ತೆಗೆಯುತ್ತ ಒಂದು ಗಂಟೆ ಕೂತಿರುತ್ತೇವೆ, ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಅಕ್ಕ ಎಂದು ಕೇಳಬೇಕಾದರೆ, ಅದಕ್ಕೂ ಮುಂಚೆ, ನಿಮ್ಮನ್ನು ಬಿಟ್ಟು ಹೋಗಿದ್ದೆ ಎಂದು ಹೇಳಬೇಕು. ಆ ಮಾತು ನನ್ನ ಬಾಯಿಗೆ ಇನ್ನೂ ಬಂದಿಲ್ಲ.