ಏಪ್ರಿಕಾಟ್ ಮರಕ್ಕೆ ಉಡಿಸಿದ ಸೀರೆ

ನನ್ನ ಗಂಡನ ಅಕ್ಕನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಮರದ ನೆಪದಲ್ಲಿ ಚಾಡಿ ಹೇಳುತ್ತಿದ್ದೇನೆ ಅಂದುಕೊಳ್ಳುತ್ತೀರಿ. ಅವರಿರುವುದು ಸ್ನೊಕ್ವಾಲ್ಮಿಯಲ್ಲಿ, ನಾವು ನ್ಯೂಕ್ಯಾಸಲ್‌ನಲ್ಲಿ. ನಡುವಿನ ಅರ್ಧ ಗಂಟೆಯ ರಸ್ತೆ ಇನ್ನಷ್ಟು ಉದ್ದವಿದ್ದಿದ್ದರೂ ನನಗೇನೂ ಬೇಸರವಾಗುತ್ತಿರಲಿಲ್ಲ.

ನಮ್ಮ ಹಿತ್ತಲಲ್ಲಿ ನಾನೇ ನೆಟ್ಟ ಏಪ್ರಿಕಾಟ್ ಮರವಿದೆ. ನನಗಿಂತ ಸ್ವಲ್ಪ ಎತ್ತರ, ಬುದ್ಧಿ ಮಾತ್ರ ಕಡಿಮೆ. ಫೆಬ್ರವರಿಯಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮೈತುಂಬ ಹೂ ಬಿಡುತ್ತದೆ. ಹಿಂದೆಯೇ ಚಳಿ ಬಂದು ಎಲ್ಲವನ್ನೂ ಸುಟ್ಟುಹಾಕುತ್ತದೆ. ವರ್ಷ ವರ್ಷವೂ ಬರೀ ಹೂವು, ಕಾಯಿಲ್ಲ. ಹೋದ ವರ್ಷ ನನ್ನ ಗಂಡ ಕಡ್ಡಿ ಮುರಿದ ಹಾಗೆ ಹೇಳಿದ.

“ಈ ಸಲಾನೂ ಕಾಯಿ ಬಿಡದಿದ್ರೆ ತೆಗೆಸಿಬಿಡ್ತೀನಿ. ಆ ಜಾಗದಲ್ಲಿ ಕೂರೋಕೆ ಮರದ ಡೆಕ್ ಹಾಕಿಸೋಣ.”

ಅವನು ಹೇಳಿದ್ದನ್ನು ಮಾಡುವವನು. ಹಾಗಾಗಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯೆಂದು ಹವಾಮಾನ ವರದಿ ಬಂದ ದಿನ, ಕೆಲಸಕ್ಕೆ ಹೊರಡುವ ಮುಂಚೆಯೇ ನಾನು ಹಿತ್ತಲಿಗಿಳಿದೆ. ಬುಡದ ಒಣ ಎಲೆಗಳನ್ನೆಲ್ಲ ಗುಡಿಸಿ, ಮಣ್ಣಿಗೆ ನೀರು ಹಾಯಿಸಿದೆ. ನನ್ನ ಹಳೇ ಕಾಟನ್ ಸೀರೆಗಳನ್ನು ಪಿನ್ ಹಾಕಿ ಸೇರಿಸಿ, ನೆತ್ತಿಯಿಂದ ನೆಲದವರೆಗೆ ಇಳಿಬಿಟ್ಟು, ಅಂಚಿನ ಮೇಲೆ ಕಲ್ಲಿಟ್ಟೆ. ಹಿಂಬದಿಯ ಸೀರೆಯನ್ನು ಮರದ ಬೇಲಿಗೇ ಸೇರಿಸಿ ಗುಡಾರದಂತೆ ಮಾಡಿದೆ. ಬಟ್ಟೆಗೆ ತನ್ನದೇ ಕಾವಿಲ್ಲ, ಕಾವು ನೆಲದ್ದು. ಒದ್ದೆ ಮಣ್ಣಿನಿಂದ ರಾತ್ರಿಯೆಲ್ಲ ಮೇಲೇಳುವ ಆ ಬೆಚ್ಚನೆಯ ಗಾಳಿಯನ್ನು ಒಳಗೇ ಹಿಡಿದಿಟ್ಟರೆ ಹೂ ಉಳಿಯುತ್ತದೆ. ಇದನ್ನೆಲ್ಲ ಗಂಡನಿಗೆ ಬಿಡಿಸಿ ಹೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೂಂ ಅಂದ.

ನಾನು ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಲ್ಯಾಬಿನಲ್ಲಿದ್ದಾಗ ಅವನ ಅಕ್ಕ ಪತ್ರೊಡೆ ಕೊಡುವ ನೆಪದಲ್ಲಿ ಬಂದರಂತೆ. ಕರಾವಳಿಯ ಮಳೆಯಲ್ಲಿ ಸೀರೆ ಎತ್ತಿ ಕಟ್ಟಿಯೇ ಬೆಳೆದವರು. ಅಂಚು ಕೆಸರಲ್ಲಿ ಬಿದ್ದಿದ್ದನ್ನು ಕಂಡು ಅವರ ಜೀವ ತಡೆಯಲಿಲ್ಲ. ಕಲ್ಲು ಸರಿಸಿ, ಅಂಚನ್ನೆಲ್ಲ ಮೇಲೆತ್ತಿ, ಕಾಂಡಕ್ಕೆ ಸುತ್ತಿ ಬಿಗಿಯಾಗಿ ಕಟ್ಟಿದರು. ಊರಲ್ಲಿ ತೆಂಗಿನ ಬುಡಕ್ಕೆ ಸೊಪ್ಪು ಹಾಕುವಂತೆ, ನಾನು ಗುಡಿಸಿದ್ದ ಎಲೆಗಳನ್ನು ಮತ್ತೆ ತಂದು ರಾಶಿ ಹಾಕಿದರು. ನೆಲದ ಕಾವು ನೆಲದಲ್ಲೇ ಉಳಿಯಿತು. ನನ್ನ ಗಂಡ ಸ್ಟೂಲ್ ಹಿಡಿದುಕೊಂಡು ನಿಂತಿದ್ದನಂತೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥ ಗಂಡಂದಿರನ್ನು ನೋಡಿಯೇ ಹುಟ್ಟಿರಬೇಕು. ಬೇಲಿಯ ಕಡೆ ಬ್ಲ್ಯಾಕ್‌ಬೆರಿ ಮುಳ್ಳು ದಟ್ಟವಾಗಿತ್ತು. ಅಲ್ಲಿಗೆ ಮಾತ್ರ ಅವರು ಹೋಗಲಿಲ್ಲ, ಆ ಕಡೆಯ ಸೀರೆ ನಾನು ಇಳಿಬಿಟ್ಟ ಹಾಗೇ ಉಳಿಯಿತು.

ನಾನು ಮನೆ ಸೇರುವಾಗ ಕತ್ತಲಾಗಿತ್ತು. ಬೆಳಿಗ್ಗೆ ನೋಡಿದರೆ ಮರ ಸೊಂಟ ಕಟ್ಟಿಕೊಂಡು ನಿಂತಿತ್ತು. ಒಂದು ಹೂವನ್ನು ಉಗುರಿನಿಂದ ಸೀಳಿದೆ, ನಡುವೆ ಕಪ್ಪು. ಇನ್ನೊಂದೂ ಕಪ್ಪು. ಯಾರ ಕೆಲಸವೆಂದು ಗಂಡನನ್ನು ಕೇಳಿದೆ. ಅವನ ಅಕ್ಕನಿಗೆ ಫೋನ್ ಮಾಡಿದರೆ ಅವರು ನಕ್ಕರು.

“ಎಂಥ ಮಾರಾಯ್ತಿ, ಒಳ್ಳೇ ಸೀರೆ ಎಲ್ಲ ಕೆಸರಿಗೆ ಹಾಕಿದ್ದೀಯಲ್ಲ. ನಾನು ನೋಡ್ಲಿಕ್ಕೆ ಹೋಗಿ ಬಚಾವ್.”

ಬೇಸಿಗೆಯವರೆಗೆ ಕಾದು ನೋಡೋಣ ಎಂದು ಗಂಡನನ್ನು ಒಪ್ಪಿಸುವಷ್ಟರಲ್ಲಿ ಅವನ ಕಾಲು ಹಿಡಿಯುವುದೊಂದು ಬಾಕಿ ಉಳಿದಿತ್ತು. ಜುಲೈನಲ್ಲಿ ಬೇಲಿಯ ಕಡೆಯ ಕೊಂಬೆಗಳಲ್ಲಿ ಒಂದು ಬುಟ್ಟಿಯಷ್ಟು ಹಣ್ಣಾಯಿತು. ಈ ಕಡೆ ಒಂದೂ ಇಲ್ಲ. ಅವನ ಕಣ್ಣಿಗೆ ಬುಟ್ಟಿಯಷ್ಟೇ ಕಂಡಿತು. ಅಕ್ಕ ಸರಿಯಾಗಿ ಕಟ್ಟಿದ್ದಕ್ಕೇ ಮರ ಉಳಿಯಿತೆಂದು ಮುಕ್ಕಾಲು ಪಾಲು ಹಣ್ಣನ್ನು ಸ್ನೊಕ್ವಾಲ್ಮಿಗೆ ಒಯ್ದ. ನಾನು ತುಟಿಪಿಟಕ್ಕೆನ್ನಲಿಲ್ಲ. ಹೆಂಡತಿಯ ಮರವಾದರೆ ಕಡಿಸುತ್ತಾನೆ, ಅಕ್ಕ ಉಳಿಸಿದ ಮರವಾದರೆ ಮುಟ್ಟುವುದಿಲ್ಲ. ನನ್ನ ಈ ಲೆಕ್ಕಾಚಾರ ನನಗೇ ಅಸಹ್ಯವೆನಿಸಿತು.

ಈ ಫೆಬ್ರವರಿಯಲ್ಲಿ ಮತ್ತೆ ಹೂ ಬಂತು, ಮತ್ತೆ ಚಳಿಯ ಮುನ್ಸೂಚನೆ ಬಂತು. ನಾನು ಸೀರೆ ಹೊದಿಸಿ ಮುಗಿಸುವಷ್ಟರಲ್ಲಿ ಹಿತ್ತಲ ಗೇಟಿನ ಹತ್ತಿರ ಕಾರು ನಿಂತಿತು. ಗಂಡನೇ ಅಕ್ಕನನ್ನು ಕರೆಸಿದ್ದ. ಅವರು ಈ ಸಲ ಹಗ್ಗವನ್ನೂ ತಂದಿದ್ದರು, ಮುಳ್ಳು ಕತ್ತರಿಸುವ ದೊಡ್ಡ ಕತ್ತರಿಯನ್ನೂ ತಂದಿದ್ದರು. ಬೇಲಿಯ ಕಡೆಯನ್ನೂ ಸರಿ ಮಾಡಿಕೊಡುತ್ತಾರಂತೆ.

ನಾನು ಗೇಟಿನ ಚಿಲಕ ಹಾಕಿ, ಅದಕ್ಕೆ ಅಡ್ಡ ನಿಂತೆ. ಗಂಡ ನನ್ನ ಹಿಂದೆಯೇ ಇದ್ದ.

“ಅತ್ತಿಗೆ, ಹೋದ ವರ್ಷ ನಿಮ್ಮ ಕೈ ಮುಟ್ಟದೇ ಇರೋ ಕಡೆ ಮಾತ್ರ ಹಣ್ಣು ಬಿಟ್ಟಿದ್ದು. ನೀವು ತಿಂದಿದ್ದೂ ಅದೇ ಹಣ್ಣು.”