ಒಣಹವೆಯ ಮಂಡಕ್ಕಿ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಳಿದದ್ದನ್ನು ಋತುಗಳ ತಲೆಗೆ ಕಟ್ಟಲು ಆಗ ಸಲೀಸು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಸೋದರತ್ತೆಯದು ಮಂಡಕ್ಕಿ ಭಟ್ಟಿ. ನೆನೆಸಿ ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರವಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಅರಳಿಸುವ ಈ ಕಸುಬಿಗೆ ಬಿಸಿಲೇ ಬಂಡವಾಳ. ಮಾಘದ ಒಂದು ಬೆಳಿಗ್ಗೆ ಅತ್ತೆ ಆಕಾಶ ನೋಡುತ್ತ ಅನುಮಾನಿಸುತ್ತಿದ್ದಾಗ, ಒಳಕೋಣೆಯಲ್ಲಿದ್ದ ನಾನು ಮೂಗು ಹಿಡಿದು, ರೇಡಿಯೋದವರ ಗಾಂಭೀರ್ಯವನ್ನೆಲ್ಲ ಕಂಠಕ್ಕೆ ತಂದುಕೊಂಡು, “ರಾಜ್ಯದಾದ್ಯಂತ ಒಣಹವೆ ಮುಂದುವರಿಯಲಿದೆ” ಎಂದು ಘೋಷಿಸಿದೆ. ಅತ್ತೆ ನಂಬಿದರು. ಭತ್ತ ಹರವಿ, ಮಗಳನ್ನು ನೋಡಲು ಹರಿಹರದ ಬಸ್ಸು ಹತ್ತಿದರು. ನನ್ನ ಪ್ರತಿಭೆಗೆ ನಾನೇ ತಲೆದೂಗುತ್ತ ನಿದ್ದೆಹೋದೆ. ಎದ್ದಾಗ ಅಂಗಳವೇ ಕೆರೆ.

ಮಾಘದಲ್ಲಿ ಮಳೆ! ನೀವೇ ಹೇಳಿ, ಯಾರ ಮೇಲೆ ಸಿಟ್ಟು ಮಾಡೋಣ? ಮಳೆಗಾಲದಲ್ಲಿ ನೆತ್ತಿ ಸುಡುತ್ತದೆ, ಮಾವು ಹೂಬಿಟ್ಟ ಹೊತ್ತಿಗೆ ಮೋಡ ಕವಿಯುತ್ತದೆ. ನಾಲೆಯ ಕೆಳಗಿನ ರೈತರು ನಾಟಿಗೆ ಪಂಚಾಂಗ ನೋಡಬೇಕೋ ಕವಡೆ ಹಾಕಬೇಕೋ ತಿಳಿಯದೆ ಪರದಾಡುತ್ತಾರೆ. ಈರುಳ್ಳಿ ಹೊಲದಲ್ಲೇ ಕೊಳೆತು ಮಿರ್ಚಿಯ ತಟ್ಟೆಯಿಂದ ಅಂತರ್ಧಾನವಾಗುತ್ತದೆ. ಸೊಳ್ಳೆಗಳಿಗೆ ಮಾತ್ರ ವರ್ಷವಿಡೀ ಸುಗ್ಗಿ, ಆದ್ದರಿಂದ ನಮ್ಮ ಡಾಕ್ಟರಿಗೂ. ಆ ಸಂಜೆ ನಿಜವಾದ ರೇಡಿಯೋ ಕೂಡ ನನ್ನ ವಾಕ್ಯವನ್ನೇ, ನನಗಿಂತ ಕಳಪೆ ಧ್ವನಿಯಲ್ಲಿ, ಓದಿತು. ಹೊರಗೆ ಹನಿ ಬೀಳುತ್ತಲೇ ಇತ್ತು.

ಹರಿಹರದಿಂದ ಮರಳಿದ ಅತ್ತೆಯ ಮುಂದೆ, ಬೆಳಗಿನ ರೇಡಿಯೋ ನಾನೇ ಎಂದು ಒಪ್ಪಿಕೊಳ್ಳಬೇಕಾಯಿತು. ಮುಂದೆಯೂ ಬಿಸಿಲು ಬರಲಿಲ್ಲ. ಭತ್ತಕ್ಕೆ ಬೂಷ್ಟು ಹಿಡಿಯಿತು. ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತು. ಈ ವಾರ ಭಟ್ಟಿ ಆರಿದರೆ ಗಿರಾಕಿಗಳು ಇನ್ನೊಂದು ಭಟ್ಟಿಯ ದಾರಿ ಹಿಡಿಯುವವರೇ. ನಾನು ಕಾಲೇಜಿನ ಮೇಷ್ಟರ ಧ್ವನಿಗೆ ಬದಲಾಯಿಸಿಕೊಂಡು, ಕಾರ್ಖಾನೆಗಳ ಹೊಗೆ, ಕಾಯುತ್ತಿರುವ ಭೂಮಿ, ಬಿಸಿಯೇರುತ್ತಿರುವ ಸಾಗರಗಳ ಬಗ್ಗೆ ಪ್ರವಚನ ಕೊಟ್ಟೆ.

“ಅಲ್ಲಲೇ, ಭೂಮಿ ಅಷ್ಟು ಕಾಯ್ದಿದ್ರೆ ನನ್ನ ಭತ್ತ ಯಾಕ ಒಣಗ್ಲಿಲ್ಲ?” ಎಂದರು ಅತ್ತೆ, ಹಿಡಿ ಭತ್ತವನ್ನು ಮೂಸುತ್ತ.

ನನ್ನ ವಿಜ್ಞಾನ ಅಲ್ಲಿಗೆ ನಿಂತಿತು, ವ್ಯಾಪಾರಬುದ್ಧಿ ಹೊರಟಿತು. “ಹೆಂಗೂ ಹುರಿಯೋದಲ್ಲೇನತ್ತೆ, ಬೆಳ್ಳುಳ್ಳಿ ಖಾರ ಜಾಸ್ತಿ ಹಾಕಿ ಕೊಟ್ರಾತು. ಯಾರಿಗೂ ವಾಸ್ನೆ ಗೊತ್ತಾಗಂಗಿಲ್ಲ.”

ಅತ್ತೆ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟು ತಿಪ್ಪೆಯ ಕಡೆ ಕೈ ತೋರಿಸಿದರು.

“ತಿಂದೋರು ಹೊಟ್ಟೆ ಹಿಡ್ಕಂಡು ನರಳ್ತಾರಲ್ಲ, ಆ ದನೀನೂ ರೇಡಿಯೋದವರ ದನಿಯಂಗ ಅವರ ಮನಿಗೇ ಹೋಗಿ ಮಾಡಿ ತೋರಿಸ್ತೀಯೇನಲೇ?”